ರೇಸ್ ಕಾರಿನ ಟೈರಿಗೆ 0.2 ಸಾಕೇ? – ಘರ್ಷಣೆಯ ಪಾಠದ ಒಂದು ವಿಮರ್ಶೆ

ಪ್ರಥಮ ಪಿಯುಸಿ ಭೌತಶಾಸ್ತ್ರದ 'ಚಲನೆಯ ನಿಯಮಗಳು' ಅಧ್ಯಾಯದಲ್ಲಿ ಬಿಡಿಸಿ ತೋರಿಸಿರುವ ಒಂದು ಲೆಕ್ಕವಿದೆ. ವೃತ್ತಾಕಾರದ ರೇಸ್ ಪಥದ ತ್ರಿಜ್ಯ 300 ಮೀಟರ್. ಪಥವನ್ನು 15 ಡಿಗ್ರಿ ಒಳಮುಖವಾಗಿ ಓರೆ ಮಾಡಲಾಗಿದೆ. ರೇಸ್ ಕಾರಿನ ಚಕ್ರಕ್ಕೂ ರಸ್ತೆಗೂ ನಡುವಿನ ಘರ್ಷಣ ಗುಣಾಂಕ 0.2. ಟೈರು ಸವೆಯದಂತೆ ಓಡಿಸಲು ಸೂಕ್ತ ವೇಗ ಎಷ್ಟು? ಜಾರದೆ ಓಡಿಸಬಹುದಾದ ಗರಿಷ್ಠ ವೇಗ ಎಷ್ಟು? ಉತ್ತರಗಳು ಕ್ರಮವಾಗಿ ಸೆಕೆಂಡಿಗೆ 28.1 ಮೀಟರ್ ಮತ್ತು 38.1 ಮೀಟರ್. ಕರ್ನಾಟಕದ ಪದವಿಪೂರ್ವ ಕಾಲೇಜುಗಳು ಎನ್‌ಸಿಇಆರ್‌ಟಿ ಪಠ್ಯಕ್ರಮವನ್ನು ಅನುಸರಿಸಲಾರಂಭಿಸಿದ ಮೇಲೆ ವರ್ಷಕ್ಕೆ ಲಕ್ಷಾಂತರ ಮಕ್ಕಳು ಈ ಲೆಕ್ಕವನ್ನು ಮಾಡಿದ್ದಾರೆ. ಗಣಿತದಲ್ಲಿ ತಪ್ಪಿಲ್ಲ. ತಪ್ಪಿರುವುದು 0.2 ಎಂಬ ಆ ಸಂಖ್ಯೆಯಲ್ಲಿ.

ಒಣಗಿದ ಡಾಂಬರು ರಸ್ತೆಯ ಮೇಲೆ ಸಾಧಾರಣ ಕಾರಿನ ಟೈರಿಗೆ ಈ ಗುಣಾಂಕ ಸುಮಾರು 0.8ರಿಂದ 1.0. ಬಿಸಿಯೇರಿದ ರೇಸ್ ಟೈರಿಗೆ 1.4ನ್ನೂ ಮೀರಬಹುದು. 0.2 ಎಂಬುದು ತುಳಿದು ಗಟ್ಟಿಯಾದ ಹಿಮದ ಮೇಲಿನ ಬೆಲೆ. ಅಂದರೆ ನಮ್ಮ ಪಠ್ಯದ ರೇಸ್ ಕಾರು ಹಿಮದ ಮೇಲೆ ಓಡುತ್ತಿದೆ! ಅದೇ ಅಧ್ಯಾಯದ ಇನ್ನೊಂದು ಲೆಕ್ಕದಲ್ಲಿ ಸೈಕಲ್ ಸವಾರನೊಬ್ಬ ಗಂಟೆಗೆ 18 ಕಿ.ಮೀ. ವೇಗದಲ್ಲಿ 3 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಳ್ಳುತ್ತಾನೆ. ಅಲ್ಲಿ ಗುಣಾಂಕ 0.1. ಅದು ಮಂಜುಗಡ್ಡೆ. ಪಾಪ, ಅವನು ಜಾರಿಬೀಳದೆ ಇನ್ನೇನು ಮಾಡಿಯಾನು?

ಗುಣಾಂಕವನ್ನು 1 ಎಂದು ಬದಲಿಸಿ ಮೊದಲ ಲೆಕ್ಕವನ್ನು ಮತ್ತೆ ಮಾಡಿ ನೋಡಿ. ಗರಿಷ್ಠ ವೇಗ ಸೆಕೆಂಡಿಗೆ 38 ಮೀಟರ್ ಅಲ್ಲ, 71 ಮೀಟರ್. ಗಂಟೆಗೆ ಸುಮಾರು 257 ಕಿ.ಮೀ. ಇದು ರೇಸ್ ಕಾರಿಗೆ ಒಪ್ಪುವ ಉತ್ತರ. ಒಂದು ಸಂಖ್ಯೆಯನ್ನು ಬದಲಿಸಿದ ಕೂಡಲೇ ಲೆಕ್ಕಕ್ಕೂ ಲೋಕಕ್ಕೂ ಸಂಬಂಧ ಬಂತು.

ಇಷ್ಟೇ ಆಗಿದ್ದರೆ ಮುದ್ರಣದೋಷದಂತೆ ತಿದ್ದಿ ಸುಮ್ಮನಾಗಬಹುದಿತ್ತು. ಆದರೆ ಇದರ ಹಿಂದೆ ಇನ್ನೂ ದೊಡ್ಡ ಕೊರತೆಯಿದೆ. ಘರ್ಷಣ ಗುಣಾಂಕವು ಎರಡು ವಸ್ತುಗಳಿಗೆ ಸೇರಿದ ಸ್ಥಿರಾಂಕ, ಅದು ಹೊರೆಯನ್ನಾಗಲಿ ಸಂಪರ್ಕದ ವಿಸ್ತೀರ್ಣವನ್ನಾಗಲಿ ಅವಲಂಬಿಸುವುದಿಲ್ಲ ಎಂಬ ಪಾಠ ಮಕ್ಕಳ ಮನಸ್ಸಿನಲ್ಲಿ ಕಲ್ಲಿನ ಮೇಲಿನ ಬರಹದಂತೆ ಕೂರುತ್ತದೆ. ಈ ನಿಯಮಗಳು ಪ್ರಯೋಗಮೂಲದವು, ಸರಿಸುಮಾರಾಗಿ ಮಾತ್ರ ಸತ್ಯ, ಗುರುತ್ವದ ನಿಯಮದಂತೆ ಮೂಲಭೂತವಲ್ಲ ಎಂದು ಪುಸ್ತಕವೂ ಹೇಳುತ್ತದೆ. ಆ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಆದರೆ ಆ ಮಾತು ಒಂದೆರಡು ವಾಕ್ಯದಲ್ಲಿ ಮುಗಿಯುತ್ತದೆ. ಅನಂತರದ ಯಾವ ಲೆಕ್ಕವೂ ಅದನ್ನು ನೆನಪಿಸುವುದಿಲ್ಲ. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಇಲ್ಲ. ಮಕ್ಕಳು ದಿನವೂ ಕಣ್ಣಾರೆ ಕಾಣುವ ಘರ್ಷಣೆ ಎಂದರೆ ರಸ್ತೆಯ ಮೇಲಿನ ಟೈರು. ನಿಯಮ ಅತಿ ಹೆಚ್ಚು ಸಡಿಲವಾಗುವುದೂ ಅಲ್ಲಿಯೇ.

ಈ ಮಾತನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಅಧ್ಯಾಪಕರನ್ನು ನೆನೆದು ಬರೆಯಲು ಕಾರಣವಿದೆ. 2007ರಲ್ಲಿ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಪಡೆದ ಈ ಪ್ರದೇಶ ವಾಹನಗಳ ನಾಡೂ ಹೌದು. ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿಂದ 1999ರ ಕೊನೆಯಲ್ಲಿ ಕ್ವಾಲಿಸ್ ಹೊರಬಂತು. ಆಮೇಲೆ ಇನ್ನೋವಾ, ಫಾರ್ಚೂನರ್. ಅದೇ ಆವರಣದ ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ 2007ರಿಂದ ಗ್ರಾಮೀಣ ಮಕ್ಕಳು ಕಲಿಯುತ್ತಿದ್ದಾರೆ. ರಾಮನಗರದಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಇಲ್ಲಿನ ವಿದ್ಯಾರ್ಥಿಗೆ ಟೈರು ಪುಸ್ತಕದ ಚಿತ್ರವಲ್ಲ. ನಾಳೆ ಅವನ ಉದ್ಯೋಗ, ಇಂದು ಸಂಜೆ ಮನೆಗೆ ಮರಳುವ ದಾರಿ.

ಸ್ಥಿರಾಂಕ ಸ್ಥಿರವಲ್ಲ ಎಂಬುದನ್ನು ನಿಚ್ಚಳವಾಗಿ ತೋರಿಸುವ ಕ್ರೀಡೆಯೊಂದಿದೆ: ಆಟೋಕ್ರಾಸ್. ಬಯಲಿನಲ್ಲೋ ವಿಶಾಲವಾದ ಡಾಂಬರು ಅಂಗಳದಲ್ಲೋ ರಬ್ಬರ್ ಶಂಕುಗಳನ್ನಿಟ್ಟು ತಿರುವುಮುರುವಿನ ಹಾದಿ ಗುರುತಿಸುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಎದುರಾಳಿ ಗಡಿಯಾರ. ಓಟ ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸು. ಶಂಕು ಬಿದ್ದರೆ ದಂಡವಾಗಿ ಸಮಯ ಕೂಡುತ್ತದೆ. ನಮ್ಮ ದೇಶದಲ್ಲಿ ಆಟೋಕ್ರಾಸ್ ಬಹುಪಾಲು ಮಣ್ಣಿನ ಮೇಲೆ ನಡೆಯುತ್ತದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರುಗಳನ್ನು ತರುವ 'ಫಾರ್ಮುಲಾ ಭಾರತ್' ಸ್ಪರ್ಧೆಯಲ್ಲಿ ಮಾತ್ರ ಡಾಂಬರಿನ ಆಟೋಕ್ರಾಸ್ ಒಂದು ಭಾಗ. ಅದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುತ್ತ ಬಂದಿದೆ. ಇಲ್ಲಿ ಎಂಜಿನ್ನಿನ ಶಕ್ತಿಗಿಂತ ಟೈರಿನ ಹಿಡಿತ ದೊಡ್ಡದು. 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗುಣಾಂಕ 0.9 ಇದ್ದರೆ ಗರಿಷ್ಠ ವೇಗ ಗಂಟೆಗೆ 41 ಕಿ.ಮೀ.; 1.0 ಇದ್ದರೆ 43.6 ಕಿ.ಮೀ. ಅರ್ಧವೃತ್ತ ಸುತ್ತಲು ಐದನೇ ಒಂದು ಸೆಕೆಂಡ್ ಉಳಿತಾಯ. ಸೆಕೆಂಡಿನ ನೂರನೇ ಭಾಗಕ್ಕೆ ಗೆಲುವು ಸೋಲು ತೀರ್ಮಾನವಾಗುವಲ್ಲಿ ಇದು ಬಹಳ ದೊಡ್ಡ ಅಂತರ. ಪಠ್ಯದ 0.2 ಇದ್ದರೆ? ಗಂಟೆಗೆ 19.5 ಕಿ.ಮೀ.; ಸೈಕಲ್ಲಿನ ವೇಗ.

ವಿಸ್ತೀರ್ಣದ ಜಗಳ

ಟೈರಿನ ಆಯ್ಕೆಯಲ್ಲಿ ಮೊದಲು ಎದುರಾಗುವ ಪ್ರಶ್ನೆ ಅಗಲದ್ದು. 'ಅಗಲ ಟೈರು ಹಾಕಿದರೆ ನೆಲಕ್ಕೆ ಹೆಚ್ಚು ಜಾಗ ತಾಗುತ್ತದೆ, ಗ್ರಿಪ್ ಜಾಸ್ತಿ' ಎನ್ನುತ್ತದೆ ಟೈರು ಅಂಗಡಿ. 'ವಿಸ್ತೀರ್ಣಕ್ಕೂ ಘರ್ಷಣೆಗೂ ಸಂಬಂಧವಿಲ್ಲ' ಎನ್ನುತ್ತದೆ ಪುಸ್ತಕ. ಜಾಣ ವಿದ್ಯಾರ್ಥಿ ಪುಸ್ತಕದ ಪಕ್ಷ ಹಿಡಿದು ಅಂಗಡಿಯವನನ್ನು ನೋಡಿ ನಗುತ್ತಾನೆ. ವಾಸ್ತವದಲ್ಲಿ ಇಬ್ಬರದೂ ಅರ್ಧ ಸತ್ಯ.

1,400 ಕಿ.ಗ್ರಾಂ ತೂಕದ ಸ್ಪೋರ್ಟ್ಸ್ ಕಾರನ್ನು ತೆಗೆದುಕೊಳ್ಳಿ. ಪ್ರತಿ ಚಕ್ರದ ಮೇಲೆ 350 ಕಿ.ಗ್ರಾಂ ಹೊರೆ. ಟೈರಿನ ಗಾಳಿ ಚದರ ಅಂಗುಲಕ್ಕೆ 32 ಪೌಂಡ್, ಅಂದರೆ ಚದರ ಸೆಂ.ಮೀ.ಗೆ ಸುಮಾರು 2.25 ಕಿ.ಗ್ರಾಂ. ಹೊರೆಯನ್ನು ಒತ್ತಡದಿಂದ ಭಾಗಿಸಿದರೆ ಸಂಪರ್ಕದ ವಿಸ್ತೀರ್ಣ 155 ಚದರ ಸೆಂ.ಮೀ.; ಒಂದು ಅಂಚೆ ಕಾರ್ಡಿಗಿಂತ ತುಸು ಹೆಚ್ಚು. ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲಿಯೂ ಬರಲಿಲ್ಲ! ಟೈರಿನ ಪಕ್ಕದ ಗೋಡೆಯ ಬಿಗಿತದಿಂದ ಸ್ವಲ್ಪ ವ್ಯತ್ಯಾಸವಾಗುತ್ತದೆ, ನಿಜ. ಆದರೆ ಗಾಳಿ ಅಷ್ಟೇ ಇದ್ದರೆ, ಅಗಲ ಟೈರಿನ ಹೆಜ್ಜೆಗುರುತು ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಒಟ್ಟು ವಿಸ್ತೀರ್ಣ ಹೆಚ್ಚೇನೂ ಬದಲಾಗದು. ಅಂಗಡಿಯವನ ವಿವರಣೆ ಇಲ್ಲಿ ಬಿತ್ತು.

ಆದರೂ ಆಟೋಕ್ರಾಸ್ ಓಡಿಸುವವರು ಅಗಲ ಟೈರನ್ನೇ ಬಯಸುತ್ತಾರೆ, ಅದರಿಂದ ತಿರುವಿನಲ್ಲಿ ವೇಗ ಹೆಚ್ಚುತ್ತದೆ ಎಂಬುದೂ ನಿಜ. ಅಗಲವಾದ, ಗಿಡ್ಡವಾದ ಹೆಜ್ಜೆಗುರುತು ತಿರುವಿನಲ್ಲಿ ಬೇಗ ಪ್ರತಿಕ್ರಿಯಿಸುತ್ತದೆ. ಹೆಚ್ಚು ರಬ್ಬರು ಇರುವುದರಿಂದ ಶಾಖ ಹಂಚಿಹೋಗುತ್ತದೆ. ಮೆತ್ತನೆಯ ರಬ್ಬರನ್ನು ಬಳಸಿದರೂ ಟೈರು ತಾಳಿಕೊಳ್ಳುತ್ತದೆ. ಗಾಳಿಯನ್ನು ಕಡಿಮೆ ಮಾಡಲೂ ಅವಕಾಶವಿರುತ್ತದೆ. ಆಗ ವಿಸ್ತೀರ್ಣ ನಿಜವಾಗಿಯೂ ಹೆಚ್ಚುತ್ತದೆ. ಆ ವಿಸ್ತೀರ್ಣದಿಂದ ಘರ್ಷಣೆ ಹೇಗೆ ಹೆಚ್ಚಿತು ಎಂಬಲ್ಲಿ ಪುಸ್ತಕವೂ ಬೀಳುತ್ತದೆ.

ಮರದ ತುಂಡಿನ ಮೇಲೆ ಮರದ ತುಂಡು ಇಟ್ಟಾಗ ಅವು ನಿಜವಾಗಿ ತಾಗುವುದು ಕೆಲವೇ ಉಬ್ಬುಗಳ ತುದಿಯಲ್ಲಿ. ಹೊರೆ ಇಮ್ಮಡಿಯಾದರೆ ಈ 'ನಿಜ ಸಂಪರ್ಕ'ವೂ ಇಮ್ಮಡಿಯಾಗುತ್ತದೆ. ಹಾಗಾಗಿ ಘರ್ಷಣೆಯೂ ಇಮ್ಮಡಿ. 1699ರಲ್ಲಿ ಅಮಾಂಟನ್ಸ್ ಹೇಳಿದ ನಿಯಮಕ್ಕೆ ಇಪ್ಪತ್ತನೇ ಶತಮಾನದಲ್ಲಿ ಬೌಡನ್ ಮತ್ತು ಟೇಬರ್ ಕೊಟ್ಟ ವಿವರಣೆ ಇದು. ರಬ್ಬರು ಹಾಗಲ್ಲ. ಅದು ಮೆತ್ತಗೆ ರಸ್ತೆಯ ಕಣಗಳ ಸಂದುಗಳಿಗೆ ಇಳಿದು ಹೊಂದಿಕೊಳ್ಳುತ್ತದೆ. ಹೊರೆ ಹೆಚ್ಚಿದಂತೆ ತುಂಬಬೇಕಾದ ಸಂದುಗಳೇ ಕಡಿಮೆಯಾಗುತ್ತ ಹೋಗುತ್ತವೆ. ಆದ್ದರಿಂದ ಹೊರೆ ಹೆಚ್ಚಿದಷ್ಟು ಘರ್ಷಣೆ ಹೆಚ್ಚುವುದಿಲ್ಲ. ಅಂದರೆ ಗುಣಾಂಕ ಇಳಿಯುತ್ತದೆ. ದುಂಡಗಿನ ರಬ್ಬರನ್ನು ನುಣುಪು ಗಾಜಿಗೆ ಒತ್ತಿದರೆ ಸಂಪರ್ಕದ ವಿಸ್ತೀರ್ಣ ಹೊರೆಯ ಮೂರನೇ ಎರಡು ಘಾತಕ್ಕೆ ಅನುಗುಣವಾಗಿ ಬೆಳೆಯುತ್ತದೆ, ಗುಣಾಂಕ ಹೊರೆಯ ಘನಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ಶಾಲಮಾಕ್ 1952ರಲ್ಲಿಯೇ ರಬ್ಬರಿನ ಘರ್ಷಣೆ ಹೊರೆಯನ್ನು ಅವಲಂಬಿಸುವ ಬಗೆಯನ್ನು ವರದಿ ಮಾಡಿದ್ದರು. ಒರಟು ರಸ್ತೆಯ ಮೇಲೆ ಇಳಿಕೆ ಇಷ್ಟು ಕಡಿದಲ್ಲ. ಆದರೆ ಇದ್ದೇ ಇದೆ.

ಇದರ ನೇರ ಪರಿಣಾಮ ಒಂದುಂಟು. ಸಮತಟ್ಟಾದ ತಿರುವಿನಲ್ಲಿ ಕಾರಿನ ಗರಿಷ್ಠ ವೇಗ ಅದರ ದ್ರವ್ಯರಾಶಿಯನ್ನು ಅವಲಂಬಿಸುವುದಿಲ್ಲ ಎಂದು ಪಠ್ಯ ಸಾಧಿಸಿ ತೋರಿಸುತ್ತದೆ. ಸೂತ್ರದಲ್ಲಿ ದ್ರವ್ಯರಾಶಿ ಎರಡೂ ಕಡೆ ಹೊಡೆದುಹೋಗುವ ಆ ಸಾಲು ಮಕ್ಕಳಿಗೆ ಬಹಳ ಪ್ರಿಯ. ಆದರೆ ಆಟೋಕ್ರಾಸ್ ಬಯಲಿಗೆ ಹೋದರೆ ಜನ ಸ್ಟೆಪ್ನಿ ಚಕ್ರವನ್ನೂ ಹಿಂದಿನ ಸೀಟನ್ನೂ ಬಿಚ್ಚಿ ಇಡುತ್ತಿರುತ್ತಾರೆ. ಚುರುಕಾಗಿ ವೇಗ ಪಡೆಯುವುದಕ್ಕಷ್ಟೇ ಅಲ್ಲ. ಅದೇ ಟೈರಿನ ಮೇಲೆ ಹಗುರ ಕಾರು ಹೆಚ್ಚು ವೇಗವಾಗಿ ತಿರುಗುತ್ತದೆ ಎಂಬುದಕ್ಕೆ.

ಹೊರೆಯ ವರ್ಗಾವಣೆ

ಕಾರನ್ನು ಓಟಕ್ಕೆ ಅಣಿಗೊಳಿಸುವ ಕಲೆಯನ್ನು ಅವರು 'ಸೆಟಪ್' ಎನ್ನುತ್ತಾರೆ. ಅದರ ತಿರುಳೆಲ್ಲ ಈ ಇಳಿಯುವ ಗುಣಾಂಕದಲ್ಲಿದೆ. ಅಧ್ಯಾಪಕರು ಇದನ್ನು ಒಂದು ತರಗತಿಯಲ್ಲಿ ಕರಿಹಲಗೆಯ ಮೇಲೆಯೇ ತೋರಿಸಬಹುದು.

ಕಾರು ತಿರುಗುವಾಗ ಒಳಚಕ್ರಗಳ ಹೊರೆ ಹೊರಚಕ್ರಗಳಿಗೆ ಸರಿಯುತ್ತದೆ. ಬಲದ ಭ್ರಾಮಕಗಳನ್ನು ಸಮೀಕರಿಸಿದರೆ, ಸರಿಯುವ ಹೊರೆ = ತೂಕ × ಅಡ್ಡ ವೇಗೋತ್ಕರ್ಷ (ಗುರುತ್ವ ವೇಗೋತ್ಕರ್ಷದ ಅಂಶವಾಗಿ) × ಗುರುತ್ವ ಕೇಂದ್ರದ ಎತ್ತರ ÷ ಚಕ್ರಗಳ ನಡುವಿನ ಅಗಲ. ನಮ್ಮ 1,400 ಕಿ.ಗ್ರಾಂ ಕಾರಿಗೆ ಗುರುತ್ವ ಕೇಂದ್ರದ ಎತ್ತರ ಅರ್ಧ ಮೀಟರ್, ಅಗಲ ಒಂದೂವರೆ ಮೀಟರ್, ಅಡ್ಡ ವೇಗೋತ್ಕರ್ಷ 0.8 ಆದರೆ 373 ಕಿ.ಗ್ರಾಂ ಹೊರೆ ಒಳಗಿನಿಂದ ಹೊರಕ್ಕೆ ಹೋಗುತ್ತದೆ. ಫಾರ್ಚೂನರ್‌ನಂಥ ಎತ್ತರದ ವಾಹನದಲ್ಲಿ ಗುರುತ್ವ ಕೇಂದ್ರವೂ ಮೇಲಿರುವುದರಿಂದ ಈ ಪಾಲು ಇನ್ನೂ ಹೆಚ್ಚು. ತಗ್ಗಾದ ಸ್ಪೋರ್ಟ್ಸ್ ಕಾರು ಏಕೆ ತಗ್ಗಾಗಿದೆ ಎಂಬ ಪ್ರಶ್ನೆಗೆ ಉತ್ತರವೂ ಇದೇ.

ಈಗ ಟೈರಿಗೆ ಒಂದು ಕಲ್ಪಿತ ನಿಯಮ ಕೊಡೋಣ. ಹೊರೆ ಬಹಳ ಕಡಿಮೆಯಿದ್ದಾಗ ಗುಣಾಂಕ 1.1, ಪ್ರತಿ 100 ಕಿ.ಗ್ರಾಂ ಹೊರೆಗೆ 0.05 ಇಳಿಕೆ. ಮುಂದಿನ ಎರಡು ಚಕ್ರಗಳ ಮೇಲೆ ತಲಾ 350 ಕಿ.ಗ್ರಾಂ ಇದ್ದರೆ ಗುಣಾಂಕ 0.925, ಎರಡರ ಒಟ್ಟು ಹಿಡಿತ ಸುಮಾರು 647 ಕಿ.ಗ್ರಾಂ ಬಲ. ಸರಿದ ಹೊರೆಯ ಅರ್ಧ ಪಾಲು ಈ ಅಚ್ಚಿಗೆ ಬಂದರೆ ಹೊರಚಕ್ರದ ಮೇಲೆ 536, ಒಳಚಕ್ರದ ಮೇಲೆ 164. ಹೊರಚಕ್ರದ ಹಿಡಿತ 446, ಒಳಚಕ್ರದ್ದು 167, ಒಟ್ಟು 613. ಒಟ್ಟು ಹೊರೆ ಬದಲಾಗಲಿಲ್ಲ. ಆದರೂ ಹಿಡಿತದಲ್ಲಿ ನೂರಕ್ಕೆ ಐದರಷ್ಟು ಹೋಯಿತು. ಹೊರಚಕ್ರ ಗಳಿಸಿದ್ದಕ್ಕಿಂತ ಒಳಚಕ್ರ ಕಳೆದುಕೊಂಡದ್ದು ಹೆಚ್ಚು. ಪುಸ್ತಕದ ಸ್ಥಿರ ಗುಣಾಂಕದಲ್ಲಿ ಈ ನಷ್ಟ ಸೊನ್ನೆ.

ಸ್ವಾರಸ್ಯ ಮುಂದಿದೆ. ಮುಂದಿನ ಅಚ್ಚಿನ 'ಆಂಟಿ-ರೋಲ್ ಬಾರ್', ಅಂದರೆ ಕಾರು ವಾಲದಂತೆ ಎರಡು ಚಕ್ರಗಳನ್ನು ಜೋಡಿಸುವ ತಿರುಚು ಸರಳು, ದಪ್ಪವಾಗಿದ್ದರೆ ಸರಿದ 373ರಲ್ಲಿ 260 ಕಿ.ಗ್ರಾಂ ಮುಂದಿನ ಅಚ್ಚಿನಲ್ಲಿ, ಉಳಿದ 113 ಮಾತ್ರ ಹಿಂದೆ ಸರಿಯುತ್ತದೆ ಎನ್ನೋಣ. ಅದೇ ಲೆಕ್ಕ ಮಾಡಿ ನೋಡಿ: ಮುಂದಿನ ಜೋಡಿಯ ಹಿಡಿತ 580, ಹಿಂದಿನ ಜೋಡಿಯದು 635. ಮುಂಭಾಗ ಮೊದಲು ಜಾರುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರಕ್ಕೆ ತಳ್ಳಿಕೊಂಡು ಹೋಗುತ್ತದೆ. ಇದನ್ನೇ ಅಂಡರ್‌ಸ್ಟಿಯರ್ ಎನ್ನುವುದು. ಸರಳನ್ನು ಹಿಂದೆ ದಪ್ಪ ಮಾಡಿದರೆ ಹಿಂಭಾಗ ಮೊದಲು ಜಾರಿ ಕಾರು ಸುತ್ತು ಹೊಡೆಯುತ್ತದೆ, ಅದು ಓವರ್‌ಸ್ಟಿಯರ್. ಕಾರ್ಖಾನೆಯಿಂದ ಬರುವ ಮಾಮೂಲಿ ಕಾರುಗಳನ್ನು ಬೇಕೆಂದೇ ಅಂಡರ್‌ಸ್ಟಿಯರ್ ಕಡೆಗೆ ವಾಲಿಸಿರುತ್ತಾರೆ. ಗಾಬರಿಯಾದ ಚಾಲಕ ವೇಗ ಇಳಿಸಿದರೆ ಅದು ತಾನಾಗಿ ಸರಿಹೋಗುತ್ತದೆ. ಆಟೋಕ್ರಾಸ್ ಚಾಲಕನಿಗೆ ತಟಸ್ಥ ಕಾರು ಬೇಕು, ಅವನು ಹಿಂದಿನ ಸರಳನ್ನು ಬಿಗಿಯಾಗಿಸುತ್ತಾನೆ. ಈ ಇಡೀ ವಿದ್ಯೆ ಗುಣಾಂಕ ಹೊರೆಯೊಂದಿಗೆ ಇಳಿಯುತ್ತದೆ ಎಂಬ ಒಂದೇ ಸಂಗತಿಯ ಮೇಲೆ ನಿಂತಿದೆ. ಗುಣಾಂಕ ಸ್ಥಿರವೆಂದು ನಂಬಿ ಬಂದ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಆ ಸರಳು ಯಾಕೆ ಕೆಲಸ ಮಾಡುತ್ತದೆ ಎಂಬುದೇ ಅರ್ಥವಾಗದು. ಪಿಯುಸಿಯಲ್ಲಿ ಕಲಿತದ್ದನ್ನು ಅವನು ಮೊದಲು ಮರೆಯಬೇಕು.

ಚಕ್ರದ ಓರೆಯದೂ ಗಾಳಿಯದೂ ಇದೇ ಬಗೆಯ ಕೆಲಸ. ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದಾಗ ಹೊರಚಕ್ರ ತನ್ನ ಹೊರ ಅಂಚಿನ ಮೇಲೆ ನಿಲ್ಲತೊಡಗುತ್ತದೆ, ಅಂಚಿಗೆ ಹೊರೆ ವಿಪರೀತ, ಒಳಬದಿಗೆ ಏನೂ ಇಲ್ಲ. ಅದಕ್ಕಾಗಿ ಚಕ್ರದ ತಲೆಯನ್ನು ಮೊದಲೇ ಒಂದೆರಡು ಡಿಗ್ರಿ ಒಳಕ್ಕೆ ಓರೆ ಮಾಡಿರುತ್ತಾರೆ. ಗಾಳಿ ಎಷ್ಟಿರಬೇಕು ಎಂದು ತಿಳಿಯಲು ಬಳಸುವ ಉಪಕರಣವಂತೂ ಪ್ರತಿ ಶಾಲೆಯಲ್ಲೂ ಇದೆ: ಸೀಮೆಸುಣ್ಣ. ಟೈರಿನ ಭುಜದ ಮೇಲೆ ಅಡ್ಡಗೆರೆ ಎಳೆದು ಒಂದು ಓಟ ಓಡಿಸುತ್ತಾರೆ. ಗೆರೆ ಪಕ್ಕದ ಗೋಡೆಯವರೆಗೂ ಅಳಿಸಿದ್ದರೆ ಟೈರು ಮಗುಚುತ್ತಿದೆ, ಗಾಳಿ ಸಾಲದು. ಅಂಚಿನವರೆಗೂ ಅಳಿಸದೆ ಉಳಿದಿದ್ದರೆ ಗಾಳಿ ಜಾಸ್ತಿ.

ಅರಗು ಮತ್ತು ರಬ್ಬರು

ಗುಣಾಂಕ ಬದಲಾಗುವ ಎರಡನೆಯ ಕಾರಣ ಉಷ್ಣತೆ. ಇದಕ್ಕೆ ಚನ್ನಪಟ್ಟಣಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಅಲ್ಲಿನ ಬೊಂಬೆ ಕುಶಲಿ ಲೇತಿನಲ್ಲಿ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ತಣ್ಣಗಿರುವಾಗ ಅರಗು ಗಾಜಿನಂತೆ ಪೆಡಸು. ಉಜ್ಜುವಿಕೆಯ ಶಾಖಕ್ಕೆ ಮೆತ್ತಗಾಗಿ ಮರಕ್ಕೆ ಹತ್ತುತ್ತದೆ. ಒತ್ತುವ ಬಲ, ತಿರುಗುವ ವೇಗ, ಅರಗಿನ ಉಷ್ಣತೆ ಮೂರನ್ನೂ ಕೈಯಂದಾಜಿನಲ್ಲಿ ಅವನು ಹೊಂದಿಸುತ್ತಾನೆ.

ಟೈರಿನ ರಬ್ಬರೂ ತೀರ ತಣ್ಣಗಾದರೆ ಪೆಡಸಾಗುವ ಪಾಲಿಮರ್. ಅದರ ಹಿಡಿತಕ್ಕೆ ಎರಡು ಮೂಲಗಳು: ರಸ್ತೆಗೆ ಅಣುಮಟ್ಟದಲ್ಲಿ ಅಂಟುವುದು, ರಸ್ತೆಯ ಕಲ್ಲಿನ ಉಬ್ಬುಗಳ ಮೇಲೆ ಹಾಯುವಾಗ ಕುಗ್ಗಿ ಹಿಗ್ಗುವುದರಲ್ಲಿ ಶಕ್ತಿಯನ್ನು ಕಳೆದುಕೊಳ್ಳುವುದು. ಇವೆರಡೂ ಉಷ್ಣತೆ ಮತ್ತು ಜಾರುವ ವೇಗ ಎರಡನ್ನೂ ಅವಲಂಬಿಸುತ್ತವೆ, ಒಂದರ ಪರಿಣಾಮವನ್ನು ಇನ್ನೊಂದಕ್ಕೆ ಪರಿವರ್ತಿಸಿ ಲೆಕ್ಕ ಹಾಕಬಹುದು ಎಂದು ಗ್ರಾಶ್ 1963ರಲ್ಲಿ ಪ್ರಯೋಗದಿಂದ ತೋರಿಸಿದರು. ಗುಣಾಂಕ ಒಂದು ಸಂಖ್ಯೆಯಲ್ಲ, ಏರಿ ಇಳಿಯುವ ಒಂದು ವಕ್ರರೇಖೆ.

ಆಟೋಕ್ರಾಸಿನಲ್ಲಿ ಟೈರು ಆರಿಸುವವನು ಈ ವಕ್ರರೇಖೆಯ ಮೇಲೆ ಜಾಗ ಹುಡುಕುತ್ತಿರುತ್ತಾನೆ. ದೀರ್ಘ ರೇಸಿನ ಟೈರು ಹಲವು ಸುತ್ತು ಓಡಿ ಬಿಸಿಯಾದ ಮೇಲೆ ಹಿಡಿಯುತ್ತದೆ. ಒಂದು ನಿಮಿಷದ ಓಟಕ್ಕೆ ಅದು ಪ್ರಯೋಜನವಿಲ್ಲ. ಬಿಸಿಯಾಗುವಷ್ಟರಲ್ಲಿ ಓಟವೇ ಮುಗಿದಿರುತ್ತದೆ. ಇಲ್ಲಿಗೆ ತಣ್ಣಗಿರುವಾಗಲೇ ಹಿಡಿಯುವ ಮೆತ್ತನೆಯ ರಬ್ಬರು ಬೇಕು. ಅದು ಬೇಗ ಸವೆಯುತ್ತದೆ. ಸವೆತವನ್ನು ಅಂದಾಜು ಮಾಡಲು ಅಮೆರಿಕದ ಪದ್ಧತಿಯ 'ಟ್ರೆಡ್‌ವೇರ್' ಸಂಖ್ಯೆಯನ್ನು ಅನೇಕ ಟೈರುಗಳ ಪಕ್ಕದಲ್ಲಿ ಅಚ್ಚೊತ್ತಿರುತ್ತಾರೆ. ಮನೆ ಬಳಕೆಯ ಕಾರಿನಲ್ಲಿ 300, 400 ಅಥವಾ ಹೆಚ್ಚು ಕಾಣುತ್ತದೆ, ಅಲ್ಲಿನ ಆಟೋಕ್ರಾಸಿನ ರಸ್ತೆ-ಟೈರು ವರ್ಗಗಳಲ್ಲಿ 200ಕ್ಕಿಂತ ಕಡಿಮೆಯದಕ್ಕೆ ಅವಕಾಶವಿಲ್ಲ. ನಮ್ಮಲ್ಲಿ ಟೈರು ಕೊಳ್ಳುವಾಗ ಕೇಳುವ ಮೊದಲ ಪ್ರಶ್ನೆ 'ಎಷ್ಟು ಸಾವಿರ ಕಿಲೋಮೀಟರ್ ಓಡುತ್ತದೆ?' ಎಂದು. ಒದ್ದೆ ರಸ್ತೆಯಲ್ಲಿ ಎಷ್ಟು ದೂರಕ್ಕೆ ನಿಲ್ಲುತ್ತದೆ ಎಂದು ಕೇಳುವವರು ವಿರಳ. ಕೇಂದ್ರ ಸಾರಿಗೆ ಸಚಿವಾಲಯ 2022ರ ಅಧಿಸೂಚನೆಯಲ್ಲಿ ಕಾರು, ಬಸ್ಸು, ಲಾರಿಗಳ ಟೈರಿಗೆ ಉರುಳು ಪ್ರತಿರೋಧ, ಒದ್ದೆ ಹಿಡಿತ, ಸದ್ದು ಈ ಮೂರರ ಮಾನಕವನ್ನು ಕಡ್ಡಾಯ ಮಾಡಿದೆ. ಅದನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲ ಗ್ರಾಹಕನನ್ನು ತಯಾರಿಸಬೇಕಾದುದು ಶಾಲೆ.

ಇಲ್ಲಿ ಎಂಟನೇ ತರಗತಿಯ 'ಘರ್ಷಣೆ' ಪಾಠದ ಬಗ್ಗೆಯೂ ಒಂದು ಮಾತು. ಟೈರಿನ ಮೇಲಿನ ಗೀರುಗಳು ನೆಲದ ಹಿಡಿತವನ್ನು ಹೆಚ್ಚಿಸಲು ಇವೆ ಎಂದು ಮಕ್ಕಳು ಬಹುಕಾಲ ಓದಿಕೊಂಡು ಬಂದರು. ಮಣ್ಣಿನ ಆಟೋಕ್ರಾಸ್ ಓಡಿಸುವವನಿಗೆ ಈ ಮಾತು ಸರಿ. ಅವನ ಟೈರಿನ ದಪ್ಪ ಗುಬುಟುಗಳು ಮಣ್ಣಿಗೆ ಇಳಿದು ಅದನ್ನು ಕತ್ತರಿಸಿ ಹಿಡಿತ ಪಡೆಯುತ್ತವೆ. ಒಣ ಡಾಂಬರಿನ ಮೇಲೆ ತಿರುವುಮುರುವು. ಅಲ್ಲಿ ಗೀರೇ ಇಲ್ಲದ ನುಣುಪು ರೇಸ್ ಟೈರು ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಎತ್ತರದ ಗುಬುಟುಗಳು ಅಲುಗಾಡಿ ಹಿಡಿತ ತಗ್ಗುತ್ತದೆ. ರಸ್ತೆಯ ಟೈರಿಗೆ ಗೀರು ಇರುವುದು ನೀರನ್ನು ಹೊರಹಾಕಲು. ಗೀರು ಇದ್ದರೆ ಘರ್ಷಣೆ ಹೆಚ್ಚು ಎಂದಷ್ಟೇ ಕಲಿತ ಹುಡುಗ, ಸವೆದ ಟೈರಿನಲ್ಲಿ ಬೇಸಿಗೆಯೆಲ್ಲ ಏನೂ ಆಗದೆ ಓಡಾಡಿ, ಪಾಠವೇ ಸುಳ್ಳು ಎಂದುಕೊಳ್ಳುತ್ತಾನೆ. ಮೊದಲ ಮಳೆಗೆ ಪಾಠದ ಉಳಿದರ್ಧ ಎದುರಾಗುತ್ತದೆ.

ಆ ಉಳಿದರ್ಧಕ್ಕೆ ಒಂದು ಸರಳ ಸೂತ್ರವೂ ಇದೆ. ನೀರು ನಿಂತ ರಸ್ತೆಯಲ್ಲಿ ನುಣುಪಾದ ಟೈರು ನೀರಿನ ಪದರದ ಮೇಲೆಯೇ ತೇಲತೊಡಗುವ ವೇಗ, ಗಂಟೆಗೆ ಕಿ.ಮೀ. ಲೆಕ್ಕದಲ್ಲಿ, ಗಾಳಿಯ ಒತ್ತಡದ (ಚದರ ಅಂಗುಲಕ್ಕೆ ಪೌಂಡ್) ವರ್ಗಮೂಲದ 16.7ರಷ್ಟು. ವಿಮಾನದ ಟೈರುಗಳ ಮೇಲಿನ ನಾಸಾ ಪ್ರಯೋಗಗಳಿಂದ ಬಂದ ಸೂತ್ರವಿದು. 32 ಪೌಂಡಿಗೆ ಉತ್ತರ 94 ಕಿ.ಮೀ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ನಿಗದಿಯಾದ ಮಿತಿ 100 ಕಿ.ಮೀ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಈ ಹೆದ್ದಾರಿಯ ಮೇಲೆ ನೀರು ನಿಂತದ್ದನ್ನು ಈ ಭಾಗದ ಜನ ಮರೆತಿರಲಾರರು. ಅಂಥ ದಿನ ಸವೆದ ಟೈರಿನ ಕಾರಿಗೆ ಕಾನೂನಿನ ಮಿತಿಯೊಳಗಿನ ವೇಗವೂ ಮಿತಿ ಮೀರಿದ್ದೇ. ಗುಣಾಂಕ ಆಗ 0.2 ಕೂಡ ಅಲ್ಲ, ಸೊನ್ನೆಗೆ ಹತ್ತಿರ. ಕಾರಿನ ಟೈರಿನಲ್ಲಿ ಕನಿಷ್ಠ 1.6 ಮಿ.ಮೀ. ಗೀರು ಇರಬೇಕೆಂಬ ನಿಯಮ ಇರುವುದು ಇದಕ್ಕೇ.

ಇನ್ನೊಂದು ಸಂಗತಿ. ಎರಡೇ ಹೊಸ ಟೈರು ಕೊಂಡಾಗ ಅವನ್ನು ಮುಂದಕ್ಕೆ ಹಾಕಿಸುವ ರೂಢಿ ನಮ್ಮಲ್ಲಿದೆ. ಟೈರು ತಯಾರಕರ ಸಲಹೆ ಹಿಂದಕ್ಕೆ ಹಾಕಬೇಕೆಂದು. ಮೇಲೆ ಮಾಡಿದ ಅಚ್ಚಿನ ಲೆಕ್ಕವನ್ನು ತಿಳಿದ ವಿದ್ಯಾರ್ಥಿ ಕಾರಣವನ್ನು ತಾನೇ ಹೇಳಬಲ್ಲ: ಹಿಂದಿನ ಹಿಡಿತ ಮುಂದಿನದಕ್ಕಿಂತ ಕಡಿಮೆಯಾದರೆ ಒದ್ದೆ ತಿರುವಿನಲ್ಲಿ ಕಾರು ಸುತ್ತು ಹೊಡೆಯುತ್ತದೆ.

ಹಾಗಾದರೆ ಅಮಾಂಟನ್ಸ್ ನಿಯಮವನ್ನು ಪಠ್ಯದಿಂದ ತೆಗೆಯಬೇಕೆ? ಖಂಡಿತ ಬೇಡ. ಮರ, ಲೋಹ, ಕಲ್ಲಿನ ತುಂಡುಗಳಿಗೆ ಅದು ಒಳ್ಳೆಯ ಅಂದಾಜು. ಅದರ ಪಕ್ಕದಲ್ಲೇ ಅದು ಎಲ್ಲಿ ಸೋಲುತ್ತದೆ ಎಂಬ ಒಂದು ಪ್ರಯೋಗ ಇರಲಿ ಎಂಬುದಷ್ಟೇ ಬೇಡಿಕೆ. ಸಲಕರಣೆ ದುಬಾರಿಯಲ್ಲ. ಪಂಚರ್ ಅಂಗಡಿಯಿಂದ ಹಳೆಯ ಟೈರಿನ ತುಂಡು, ಒಂದು ಸ್ಪ್ರಿಂಗ್ ತ್ರಾಸು, ಅರ್ಧ ಕಿಲೋದಿಂದ ಐದು ಕಿಲೋವರೆಗಿನ ತೂಕಗಳು. ಎಳೆಯಲು ಎರಡು ನೆಲ: ಒಂದು ಗಾಜಿನ ಹಲಗೆ, ಇನ್ನೊಂದು ಈ ನಾಲ್ಕೂ ತಾಲ್ಲೂಕುಗಳಲ್ಲಿ ಕೇಳಿದಲ್ಲಿ ಸಿಗುವ ಗ್ರಾನೈಟ್ ಚಪ್ಪಡಿ. ಮೊದಲು ಮರದ ತುಂಡನ್ನು ಎಳೆದು ಬಲ ಮತ್ತು ಹೊರೆಯ ಅನುಪಾತವನ್ನು ನಕ್ಷೆಯಲ್ಲಿ ಗುರುತಿಸಲಿ. ಗೆರೆ ಹೆಚ್ಚುಕಡಿಮೆ ಅಡ್ಡವಾಗಿ ಬರುತ್ತದೆ. ಆಮೇಲೆ ಮರದ ತುಂಡಿನ ತಳಕ್ಕೆ ಮೂರು ದುಂಡನೆಯ ರಬ್ಬರ್ ಬಿರಡೆಗಳನ್ನು ಕಾಲುಗಳಂತೆ ಅಂಟಿಸಿ ಗಾಜಿನ ಮೇಲೆ ಎಳೆಯಲಿ. ಹೊರೆ ಹೆಚ್ಚಿದಂತೆ ಅನುಪಾತ ಇಳಿಯುವುದು ಕಾಣುತ್ತದೆ. ಟೈರಿನ ತುಂಡನ್ನು ಒರಟು ಚಪ್ಪಡಿಯ ಮೇಲೆ ಎಳೆದಾಗ ಇಳಿಕೆ ಕಡಿಮೆ. ಯಾಕೆಂದು ಅವರೇ ವಾದಿಸಲಿ. ಕೊನೆಗೆ ಗಾಜಿನ ಮೇಲೆ ನೀರು ಚಿಮುಕಿಸಿ ಇನ್ನೊಮ್ಮೆ. ಗಾಜನ್ನು ಪ್ರತಿ ಸಲವೂ ಒರೆಸಿ ಒಣಗಿಸಬೇಕು, ಎಳೆಯುವ ವೇಗ ಒಂದೇ ಸಮನಿರಬೇಕು. ಇಲ್ಲದಿದ್ದರೆ ಬಿಂದುಗಳು ಚೆದರುತ್ತವೆ.

ಪಠ್ಯದ ಲೆಕ್ಕಕ್ಕೆ ಬದಲಿಯಾಗಿ ಹೀಗೊಂದನ್ನು ಕೊಡಬಹುದು. ರಾಮನಗರ–ಚನ್ನಪಟ್ಟಣ ಬೈಪಾಸಿನಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಕಾರು ಬ್ರೇಕು ಒತ್ತಿದ ಮೇಲೆ ಎಷ್ಟು ದೂರ ಸಾಗಿ ನಿಲ್ಲುತ್ತದೆ? ಒಣ ರಸ್ತೆ, ಒಳ್ಳೆಯ ಟೈರು, ಗುಣಾಂಕ 0.9 ಆದರೆ ಸುಮಾರು 44 ಮೀಟರ್. ಒದ್ದೆ ರಸ್ತೆ, ಅರ್ಧ ಸವೆದ ಟೈರು, ಗುಣಾಂಕ 0.4 ಆದರೆ 98 ಮೀಟರ್. ಹಾಗೆಯೇ, ಮುಂದಿನ ವಾಹನ 60 ಮೀಟರ್ ದೂರದಲ್ಲಿ ನಿಂತುಬಿಟ್ಟಿದ್ದರೆ, ಒದ್ದೆ ರಸ್ತೆಯಲ್ಲಿ ಅದನ್ನು ಮುಟ್ಟುವಾಗ ಈ ಕಾರಿನ ವೇಗ ಎಷ್ಟಿರುತ್ತದೆ? ಚಾಲಕನ ಪ್ರತಿಕ್ರಿಯೆಯ ಕಾಲವನ್ನು ಬಿಟ್ಟು ಲೆಕ್ಕ ಮಾಡಿದರೂ ಉತ್ತರ ಗಂಟೆಗೆ 62 ಕಿ.ಮೀ.